ಗುತ್ತಿ ನಡೆದ ಹಾದಿ, ನಮ್ಮವರು ಹತ್ತಿದ ಘಟ್ಟ

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಯಾವುದೋ ದೊಡ್ಡ ಮನೆಯ ಜಗಲಿಯಲ್ಲಿ ಆರಂಭವಾಗುವುದಿಲ್ಲ, ಯಾವುದೋ ವಂಶದ ಹಿರಿಮೆಯಿಂದಲೂ ಅಲ್ಲ. ಸಿಂಬಾವಿ ಭರಮೈಹೆಗ್ಗಡೆಯವರ ಜೀತದಾಳು ಗುತ್ತಿ ತನ್ನ ನಾಯಿ ಹುಲಿಯನೊಡನೆ ಕಾಡಿನ ಹಾದಿಯಲ್ಲಿ ನಡೆದು ಹೋಗುತ್ತಿರುತ್ತಾನೆ. ಓದುಗರಾದ ನಾವು ಅವನ ಬೆನ್ನು ಹತ್ತುತ್ತೇವೆ. ನಾಯಿಯನ್ನು ಬಿಟ್ಟಿರದ ಅವನಿಗೆ ಜನ ಇಟ್ಟ ಹೆಸರು 'ನಾಯಿಗುತ್ತಿ'. ಕನ್ನಡದ ಒಂದು ಮಹಾಕಾದಂಬರಿ ಹೊಲಗೇರಿಯ ಒಬ್ಬ ಆಳು ನಡೆಯುವ ವೇಗದಲ್ಲಿ ಕಣ್ಣು ತೆರೆಯುತ್ತದೆ. ಇದನ್ನು ಮೊದಲು ಓದಿದಾಗ ನನಗೆ ಅದು ಕಥೆ ಹೇಳುವ ಒಂದು ಉಪಾಯ ಎಂದಷ್ಟೇ ತೋರಿತ್ತು. ಮತ್ತೆ ಮತ್ತೆ ಓದುತ್ತ ಬಂದಂತೆ, ಈ ಕೃತಿಗೆ ನಾಯಕನಿಲ್ಲ, ಹಾದಿಯಿದೆ ಎಂಬ ಅಭಿಪ್ರಾಯ ಗಟ್ಟಿಯಾಗಿದೆ. ಆ ಹಾದಿಯ ಒಂದು ತುದಿ ನಮ್ಮ ಕಡೆಗೆ, ಕರಾವಳಿಗೆ, ಇಳಿಯುತ್ತದೆ ಎಂಬುದರಿಂದ ಗಡಿನಾಡಿನ ಓದುಗರ ಮುಂದೆ ಈ ಮಾತುಗಳನ್ನು ಇಡುತ್ತಿದ್ದೇನೆ.

ಮೊದಲು ಭೂಗೋಳ. ಕರಾವಳಿಯಿಂದ ಸೋಮೇಶ್ವರಕ್ಕೆ ಬಂದು, ಅಲ್ಲಿಂದ ಘಟ್ಟವೇರಿ ಆಗುಂಬೆ, ಮುಂದೆ ಮೇಗರವಳ್ಳಿ, ಮುಂದೆ ತುಂಗೆಯ ದಡದ ತೀರ್ಥಹಳ್ಳಿ, ಆಮೇಲೆ ಶಿವಮೊಗ್ಗೆ. ಇದು ಹೆದ್ದಾರಿ. ಆಗುಂಬೆಯಿಂದ ತೀರ್ಥಹಳ್ಳಿಗೆ ಸುಮಾರು 30 ಕಿಲೋಮೀಟರು. ಈ ಹೆದ್ದಾರಿಯ ಇಕ್ಕೆಲಗಳಲ್ಲಿ ಕಾಡಿನ ಒಳಗೆ ಹರಡಿಕೊಂಡ ಒಂಟಿ ಮನೆಗಳು, ಅವುಗಳನ್ನು ಒಂದಕ್ಕೊಂದು ಹೊಲಿಯುವ ಕಾಲುದಾರಿಗಳು. ಕಾದಂಬರಿಯ ಸಿಂಬಾವಿ, ಕೋಣೂರು, ಹಳೆಮನೆ, ಬೆಟ್ಟಳ್ಳಿ, ಹೂವಳ್ಳಿ ಎಲ್ಲವೂ ಇಂಥ ಕಾಲುದಾರಿಯ ಊರುಗಳು. ಕಾಲ 1893ರ ಸುಮಾರು. ಸ್ವಾಮಿ ವಿವೇಕಾನಂದರು ಆ ವರ್ಷದ ಸೆಪ್ಟೆಂಬರಿನಲ್ಲಿ ಚಿಕಾಗೋದಲ್ಲಿ ಮಾತಾಡಿದ ಸುದ್ದಿ ಕಾದಂಬರಿಯೊಳಗೆ ಬರುವುದರಿಂದ ಕಾಲದ ಬಗ್ಗೆ ಅನುಮಾನ ಬೇಕಿಲ್ಲ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಮಗ್ಗುಲ ಸೀಮೆಯಲ್ಲಿ ಆಗ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದೆಂದರೆ, ಬಹುಪಾಲು ಜನರಿಗೆ, ನಡೆಯುವುದೇ.

ನಡೆಯುವವನಿಗೆ ಕಾಡು ಕಾಣುವುದು ಒಂದು ಬಗೆ, ಜಗಲಿಯಲ್ಲಿ ಕುಳಿತವನಿಗೆ ಬೇರೆ ಬಗೆ. ಗುತ್ತಿ ಒಡೆಯರ ಕೆಲಸದ ಮೇಲೆ ಹೊರಟವನು; ಮನಸ್ಸಿನಲ್ಲಿ ಮಾತ್ರ ಬೆಟ್ಟಳ್ಳಿಯ ಹೊಲಗೇರಿಯ ತಿಮ್ಮಿ. ಅವನು ಯಾವ ಮನೆಯ ಅಂಗಳಕ್ಕೆ ಹೋದರೂ ಅಲ್ಲಿನ ಒಳಸುದ್ದಿ ನಮಗೆ ತಿಳಿಯುತ್ತದೆ. ಒಳಮನೆಗೆ ಅವನಿಗೆ ಪ್ರವೇಶವಿಲ್ಲ. ಆದ್ದರಿಂದ ಗೌಡರ, ಹೆಗ್ಗಡೆಯವರ ಮನೆಗಳು ಮೊದಲು ನಮಗೆ ಕಾಣಿಸಿಕೊಳ್ಳುವುದು ಹೊರಗಿನಿಂದ, ಅಂಗಳದ ಮಟ್ಟದಿಂದ. ಅವನು ಎಲ್ಲಿ ನಿಲ್ಲಬೇಕು, ಎಷ್ಟು ದೂರದಿಂದ ಕೂಗಬೇಕು, ಯಾರು ಎದುರಾದರೆ ದಾರಿ ಬಿಟ್ಟು ಸರಿಯಬೇಕು, ಎಲ್ಲವೂ ಗೊತ್ತುಮಾಡಿಟ್ಟದ್ದು. ಜಾತಿಯ ಲೆಕ್ಕ ಹೆಜ್ಜೆಯ ಲೆಕ್ಕವೂ ಆಗಿತ್ತು. ಆದರೆ ಎರಡು ಊರುಗಳ ನಡುವೆ, ಕಾಡಿನಲ್ಲಿ, ಆ ಲೆಕ್ಕ ಕೇಳುವವರಿಲ್ಲ. ಅಲ್ಲಿ ಗುತ್ತಿಗಿಂತ ದಾರಿ ಬಲ್ಲವನಿಲ್ಲ, ಅವನ ನಾಯಿಗಿಂತ ದೊಡ್ಡ ಕಾವಲಿಲ್ಲ. ಒಡೆಯರ ಮನೆಯಲ್ಲಿ ಕುಗ್ಗಿ ನಿಲ್ಲುವ ಆಳು ಹಾದಿಯಲ್ಲಿ ತುಂಬಿದ ಮನುಷ್ಯನಾಗುತ್ತಾನೆ. ತನ್ನಷ್ಟಕ್ಕೆ ಹರಟುತ್ತಾನೆ, ನಾಯಿಯನ್ನು ಬೈಯುತ್ತಾನೆ, ಹೆದರುತ್ತಾನೆ, ಕನಸು ಕಾಣುತ್ತಾನೆ. ಗುತ್ತಿಯ ವ್ಯಕ್ತಿತ್ವ ಹಾದಿ ಕೊಟ್ಟದ್ದು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಕಾದಂಬರಿಯ ಮೊದಲಲ್ಲಿ ಲೇಖಕರು ಬರೆದಿರುವ ಒಕ್ಕಣೆ ಕನ್ನಡ ಓದುವವರಿಗೆಲ್ಲ ಪರಿಚಿತ. ಅದನ್ನಿಲ್ಲಿ ಮತ್ತೆ ಎತ್ತಿ ಬರೆಯುವುದಿಲ್ಲ. ಆ ಸಮಭಾವವನ್ನು ವಿಮರ್ಶಕರು ಸಾಮಾನ್ಯವಾಗಿ ಕುವೆಂಪು ಅವರ ತತ್ವಚಿಂತನೆಗೆ ಜೋಡಿಸುತ್ತಾರೆ. ತಪ್ಪೇನಲ್ಲ. ಆದರೆ ತತ್ವವೊಂದೇ ಇದ್ದಿದ್ದರೆ ಅದು ಉಪದೇಶವಾಗಿ ಉಳಿಯುತ್ತಿತ್ತು. ಹೆಗ್ಗಡೆಗೂ ಆಳಿಗೂ ನಾಯಿಗೂ ಸಮನಾದ ತೂಕ ಸಿಕ್ಕುವುದು, ಅವರೆಲ್ಲ ಒಂದೇ ಹಾದಿಯಲ್ಲಿ ಒಬ್ಬರಿಗೊಬ್ಬರು ಎದುರಾಗುವುದರಿಂದ. ಎದುರಾದವರ ಜತೆಗೆ ಕಥೆ ತಿರುಗಿ ಹೊರಡುತ್ತದೆ. ಅವರ ಊರು ಮುಟ್ಟಿಸಿ, ಅಲ್ಲಿ ಮತ್ತೊಬ್ಬರನ್ನು ಹಿಡಿದು ಹೊರಬೀಳುತ್ತದೆ. ದಣಪೆ ದಾಟಿದಾಗ ಒಂದು ಪಾತ್ರ ಕೈಬಿಟ್ಟು ಇನ್ನೊಂದು ಕೈಹಿಡಿಯುವ ಈ ಕ್ರಮ ಕಾಲುದಾರಿಯದೇ ಕ್ರಮ. (ನಾವು 'ತಡಮೆ' ಎನ್ನುವುದಕ್ಕೆ ಮಲೆನಾಡಿನಲ್ಲಿ ದಣಪೆ.)

ಗುತ್ತಿ ತಿಮ್ಮಿಯನ್ನು ಬೆಟ್ಟಳ್ಳಿಯಿಂದ ಹಾರಿಸಿಕೊಂಡು ಹೋಗುವುದನ್ನು ಪ್ರಣಯದ ಸಾಹಸವೆಂದು ಓದುವವರಿದ್ದಾರೆ. ಚರಿತ್ರೆಯ ಬೆಳಕಿನಲ್ಲಿ ಅದು ಇನ್ನೂ ದೊಡ್ಡ ಅಪರಾಧ. ತಿಮ್ಮಿ ಬೆಟ್ಟಳ್ಳಿ ಕಲ್ಲಯ್ಯಗೌಡರ ಕೇರಿಯವಳು. ಅವಳು ಸಿಂಬಾವಿಗೆ ನಡೆದು ಹೋದರೆ ಒಂದು ಮನೆಯ ಆಳು ಕಡಿಮೆಯಾಗಿ ಇನ್ನೊಂದು ಮನೆಗೆ ಸೇರಿದಂತಾಯಿತು. ಅವಳಿಗೆ ಹುಟ್ಟುವ ಮಕ್ಕಳ ದುಡಿಮೆಯೂ ಹಾಗೆಯೇ. ಮದುವೆಗೆ ಒಡೆಯ ಕೊಟ್ಟ ಸಾಲದಿಂದ ಜೀತ ಶುರುವಾಗಿ ಮಕ್ಕಳವರೆಗೆ ಮುಂದುವರಿಯುತ್ತಿದ್ದ ಕಾಲ ಅದು. ಕಾನೂನು ಜೀತವನ್ನು ನಿಜವಾಗಿ ರದ್ದುಮಾಡಿದ್ದು 1976ರಲ್ಲಿ. ಹೀಗಿರುವಾಗ ಇಬ್ಬರು ಆಳುಗಳು ರಾತ್ರಿ ಕಾಡುದಾರಿ ಹಿಡಿದು ನಡೆದುಬಿಟ್ಟರೆ, ಅಷ್ಟರಿಂದಲೇ ಗೌಡರ ಅಧಿಕಾರದ ಬುಡ ಅಲ್ಲಾಡುತ್ತದೆ. ಭಾಷಣವಿಲ್ಲ, ದಂಗೆಯಿಲ್ಲ. ಬರಿಯ ಕಾಲ್ನಡಿಗೆ.

ಇನ್ನೊಂದು ನಡಿಗೆ ಹೂವಳ್ಳಿ ಚಿನ್ನಮ್ಮನದು. ಸಿಂಬಾವಿ ಭರಮೈಹೆಗ್ಗಡೆಗೆ ಎರಡನೆಯ ಹೆಂಡತಿಯಾಗಿ ಅವಳನ್ನು ಕೊಡಲು ತಂದೆ ಒಪ್ಪಿದ್ದಾನೆ. ಅವಳ ಮನಸ್ಸು ಕೋಣೂರು ಮುಕುಂದಯ್ಯನಲ್ಲಿ. ಮದುವೆಯ ಮನೆಯಿಂದ ಅವಳು ತಪ್ಪಿಸಿಕೊಳ್ಳುತ್ತಾಳೆ, ಹುಲಿಕಲ್ಲು ಗುಡ್ಡದ ನೆತ್ತಿಗೆ ಸೇರುತ್ತಾಳೆ. ತೋಟ, ಬಾವಿ, ಅಜ್ಜಿಯ ಮಗ್ಗುಲು, ಇಷ್ಟರಲ್ಲಿ ಬೆಳೆದ ಹುಡುಗಿ ಕಾಡಿನ ಕತ್ತಲೆಗೆ ಕಾಲಿಡುವ ಆ ಭಾಗವನ್ನು ಓದುವಾಗ, ಅವಳ ಜೊತೆಗಿರುವವಳು ಯಾರೆಂಬುದನ್ನು ಮರೆಯಬಾರದು. ಅವಳು ಪೀಂಚಲು. ಐತನ ಹೆಂಡತಿ, ಘಟ್ಟದ ತಗ್ಗಿನ ಕೂಲಿಯವಳು, ಮುರುಕು ಬಿಡಾರದಲ್ಲಿ ಬದುಕುವವಳು. ಹೆಗ್ಗಡೆಯ ಹೆಂಡತಿಯಾಗಬೇಕಾಗಿದ್ದವಳನ್ನು ಹಾದಿಗೆ ಹಚ್ಚುವುದು ಈ ಬಡ ಹೆಂಗಸು. ಮನೆಯೊಳಗೆ ಇಬ್ಬರ ಸ್ಥಾನ ಆಕಾಶ ಪಾತಾಳ. ಕಾಡಿನಲ್ಲಿ ಪೀಂಚಲು ಮುಂದೆ, ಚಿನ್ನಮ್ಮ ಹಿಂದೆ. ಘಟ್ಟ ಹತ್ತಿ ಬಂದವಳಿಗೆ ನಡೆಯುವುದು ಗೊತ್ತಿತ್ತು.

ಈ ಪೀಂಚಲು, ಐತ, ಪಿಜಿಣ, ಅಕ್ಕಣಿ, ಚೀಂಕ್ರ ಸೇರೆಗಾರ ಇವರೆಲ್ಲ ಎಲ್ಲಿಂದ ಬಂದರು? ಇಲ್ಲಿ ಕಾದಂಬರಿಯನ್ನು ಸ್ವಲ್ಪ ಮಡಿಚಿಟ್ಟು ಚರಿತ್ರೆಯ ಕಡೆಗೆ ತಿರುಗಬೇಕು.

1799ರಲ್ಲಿ ಟಿಪ್ಪು ಸುಲ್ತಾನ ಬಿದ್ದ ಮೇಲೆ ಕೆನರಾ ಕಂಪೆನಿಯ ಪಾಲಾಯಿತು, ಘಟ್ಟದ ಮೇಲಿನ ನಾಡು ಮೈಸೂರು ಒಡೆಯರಿಗೆ ಉಳಿಯಿತು. ಅಂದಿನಿಂದ 1956ರವರೆಗೆ, 157 ವರ್ಷಗಳ ಕಾಲ, ಆಗುಂಬೆಯ ಅಂಚು ಎರಡು ಆಡಳಿತಗಳ ಗಡಿ. ಕೆಳಗೆ ಮದರಾಸು ಆಡಳಿತದ ದಕ್ಷಿಣ ಕನ್ನಡ, ಮೇಲೆ ಮೈಸೂರು. ಮಲೆನಾಡಿನವರು ಕೆಳಗಿನ ಸೀಮೆಯನ್ನು 'ಕನ್ನಡ ಜಿಲ್ಲೆ' ಎನ್ನುತ್ತಿದ್ದರು. ಅಲ್ಲಿಂದ ಬರುವ ಕೂಲಿಯವರ ಮನೆಮಾತು ಹೆಚ್ಚಾಗಿ ತುಳು ಎಂಬುದು ತಮಾಷೆಯ ಸಂಗತಿ. ಮೇಲಿನವರಿಗೆ ಇವರು ಘಟ್ಟದ ತಗ್ಗಿನವರು. ಇವರಿಗೆ ಮೇಲಿನವರು ಘಟ್ಟದವರು.

ಗಡಿ ಇತ್ತೆಂದು ನಡಿಗೆ ನಿಲ್ಲಲಿಲ್ಲ. ನಿಲ್ಲುವಂತೆಯೂ ಇರಲಿಲ್ಲ. ಮಲೆನಾಡಿನಲ್ಲಿ ಉಪ್ಪು ಬೆಳೆಯುವುದಿಲ್ಲ, ಮೀನು ಒಣಗುವುದಿಲ್ಲ, ತೆಂಗು ಅಪರೂಪ. ಕರಾವಳಿಯ ಉಪ್ಪು, ಒಣಮೀನು, ತೆಂಗಿನೆಣ್ಣೆ ತಲೆಹೊರೆಯಲ್ಲೂ ಹೇರೆತ್ತುಗಳ ಮೇಲೂ ಘಟ್ಟ ಹತ್ತಿದವು. ಅಡಕೆ, ಕರಿಮೆಣಸು, ಏಲಕ್ಕಿ ಘಟ್ಟ ಇಳಿದವು. 19ನೆಯ ಶತಮಾನದಲ್ಲಿ ಗಾಡಿ ಹೋಗುವ ರಸ್ತೆಗಳು ಬಂದ ಮೇಲೆಯೂ ಬಡವರು ಒಳದಾರಿಗಳನ್ನು ಬಿಡಲಿಲ್ಲ. ಕೊಲ್ಲೂರು, ಹುಲಿಕಲ್, ಆಗುಂಬೆ, ಚಾರ್ಮಾಡಿ, ಶಿರಾಡಿ, ಬಿಸಿಲೆ, ಸಂಪಾಜೆ, ಹೀಗೆ ಉತ್ತರದಿಂದ ದಕ್ಷಿಣಕ್ಕೆ ಒಂದೊಂದು ಸೀಮೆಗೆ ಒಂದೊಂದು ಘಟ್ಟ. ಉಡುಪಿ, ಕಾರ್ಕಳದ ಕಡೆಯವರಿಗೆ ಆಗುಂಬೆ ಹತ್ತಿರ. ನಮ್ಮ ಕಾಸರಗೋಡು ಸೀಮೆಯವರಿಗೆ ಸುಳ್ಯದ ಮೇಲೆ ಹಾದು ಸಂಪಾಜೆ, ಅಲ್ಲಿಂದ ಕೊಡಗು. ಹಾದಿ ಬೇರೆ, ಹೊರೆ ಒಂದೇ. ಮಲಯಾಳ ಬಲ್ಲ ನಮ್ಮ ಓದುಗರಿಗೆ ದಾರಿಬದಿಯ 'ಅತ್ತಾಣಿ' ಗೊತ್ತು: ಎರಡು ಕಲ್ಲು ನೆಟ್ಟು ಮೇಲೊಂದು ಕಲ್ಲು ಹಾಸಿ, ತಲೆಯ ಹೊರೆಯನ್ನು ಇನ್ನೊಬ್ಬರ ನೆರವಿಲ್ಲದೆ ಇಳಿಸಿ ಮತ್ತೆ ಏರಿಸಿಕೊಳ್ಳುವಷ್ಟು ಎತ್ತರಕ್ಕೆ ನಿಲ್ಲಿಸಿದ್ದು. ಒಂಟಿಯಾಗಿ ಹೊರೆ ಹೊತ್ತು ದೂರ ನಡೆಯುವ ಜನ ಎಷ್ಟಿದ್ದರೆಂಬುದಕ್ಕೆ ಆ ಕಲ್ಲುಗಳು ಸಾಕ್ಷಿ.

ಸರಕಿನ ಜೊತೆಗೆ ಹೋದದ್ದು ದುಡಿಮೆ. ಮಲೆನಾಡಿನಲ್ಲಿ ಅಡಕೆ ತೋಟವೂ ಗದ್ದೆಯೂ ಇದ್ದವು, ಕೈಗಳು ಸಾಲದು. ಜನ ವಿರಳ, ಚಳಿಜ್ವರದ ಕಾಟ ವಿಪರೀತ. ಚಿಕ್ಕಮಗಳೂರು, ಮಂಜರಾಬಾದು ಸೀಮೆಗಳಲ್ಲಿ 19ನೆಯ ಶತಮಾನದ ಮೊದಲ ಅರ್ಧದಲ್ಲಿಯೇ ಕಾಫಿ ತೋಟಗಳು ಎದ್ದವು. ಕೊಡಗಿನಲ್ಲಿ ಐರೋಪ್ಯರ ಮೊದಲ ತೋಟ ಮಡಿಕೇರಿಯ ಬಳಿ 1854ರಲ್ಲಿ. ಕೆಳಗಿನ ನಾಡಿನಲ್ಲಿ ಏಣೆಲು ಕೊಯ್ಲು ಮುಗಿದು ದೀಪಾವಳಿ ಕಳೆದರೆ ಒಂದೇ ಬೆಳೆಯ ಗದ್ದೆಯವರಿಗೆ, ಗದ್ದೆಯೇ ಇಲ್ಲದವರಿಗೆ ಕೈಕೆಲಸವಿಲ್ಲ. ಸುಗ್ಗಿ, ಕೊಳಕೆ ಬೆಳೆಯುವಷ್ಟು ನೀರಿನ ಅನುಕೂಲ ಎಲ್ಲರಿಗೂ ಇರಲಿಲ್ಲ. ಆಗ ಬರುತ್ತಿದ್ದವನು ಸೇರೆಗಾರ.

ಸೇರೆಗಾರನೆಂದರೆ ಆಳುಗಳನ್ನು ಕೂಡಿಸಿ ಘಟ್ಟಕ್ಕೆ ಕರೆದೊಯ್ಯುವವನು. ಕೊಡಗಿನ ತೋಟಗಳಲ್ಲಿ ಅದೇ ಕೆಲಸದವನಿಗೆ ಮೇಸ್ತ್ರಿ ಎಂದು ಹೆಸರು. ತೋಟದವರಿಂದಲೋ ಹೆಗ್ಗಡೆಯವರಿಂದಲೋ ಹಣ ತಂದು ಮನೆಮನೆಗೆ ಮುಂಗಡ ಹಂಚುತ್ತಾನೆ. ಮಗಳ ಮದುವೆಗೆ, ಕೋಲಕ್ಕೆ, ಅಕ್ಕಿಗೆ ಆ ಮುಂಗಡ ಕರಗುತ್ತದೆ. ಆಮೇಲೆ ಒಂದು ಬೆಳಗಿನ ಜಾವ ಗುಂಪು ಕೂಡಿ ಹೊರಡುವುದು: ತಲೆಗೆ ಮುಟ್ಟಾಳೆ, ಹೆಗಲಿಗೆ ಚಾಪೆ, ಒಂದೆರಡು ಮಣ್ಣಿನ ಪಾತ್ರೆ, ಸೊಂಟದ ಮೇಲೆ ಕೂಸು. ಕೆಲಸ ಮಾಡಿದಂತೆ ಮುಂಗಡ ತೀರಬೇಕು. ಆದರೆ ಬಿಡಾರದಲ್ಲಿ ಅಕ್ಕಿ, ಹೊಗೆಸೊಪ್ಪು, ಬಟ್ಟೆ ಎಲ್ಲವೂ ಸೇರೆಗಾರನ ಲೆಕ್ಕದಲ್ಲೇ ಬರುವುದರಿಂದ ತೀರುವುದು ಸುಲಭವಲ್ಲ. ಪತ್ತನಾಜೆಯ ಹೊತ್ತಿಗೆ, ಮಳೆ ಹಿಡಿಯುವ ಮೊದಲು, ಇಳಿದು ಬಂದವರು ಬಂದರು. ಉಳಿದವರು ಅಲ್ಲೇ ಬಿಡಾರ ಹೂಡಿದರು. ಮುಂಗಡ ಪಡೆದ ಕೂಲಿಗಾರ ಕೆಲಸ ಬಿಟ್ಟು ಓಡಿದರೆ ಅವನನ್ನು ಅಪರಾಧಿಯೆಂದು ಶಿಕ್ಷಿಸಲು ಬ್ರಿಟಿಷರು 1859ರಲ್ಲಿ ಮಾಡಿದ ಕಾಯಿದೆಯೊಂದು ದಕ್ಷಿಣದ ತೋಟಗಳ ಸೀಮೆಯಲ್ಲೂ ಚೆನ್ನಾಗಿ ಬಳಕೆಯಾಯಿತು. ಅದು ರದ್ದಾದದ್ದು 1920ರ ದಶಕದಲ್ಲಿ. ಸಾಲಕ್ಕಾಗಿ ಘಟ್ಟ ಹತ್ತುವುದು ಧರ್ಮ, ಸಾಲ ಬಿಟ್ಟು ಇಳಿಯುವುದು ಅಪರಾಧ. ಒಂದೇ ಹಾದಿ, ಹತ್ತುವವನಿಗೆ ಒಂದು ನ್ಯಾಯ, ಇಳಿಯುವವನಿಗೆ ಇನ್ನೊಂದು.

ಈ ಹಾದಿಯ ಕೆಳತುದಿಯನ್ನು ಕನ್ನಡ ಕಾದಂಬರಿ ಮೊದಲೇ ಕಂಡಿತ್ತು. ಶಿವರಾಮ ಕಾರಂತರ 'ಚೋಮನ ದುಡಿ' (1933) ಪುತ್ತೂರು ಕಡೆಯ ಕಥೆ. ತೋಟದ ಸಾಲ ಕೇಳಲು ಮನ್ವೇಲ ಬರುತ್ತಾನೆ. ಚೋಮ ಸಾಲ ತೀರಿಸಲು ಮಕ್ಕಳಾದ ಚನಿಯ, ಗುರುವರನ್ನು ಘಟ್ಟದ ಕಾಫಿ ತೋಟಕ್ಕೆ ಕಳಿಸುತ್ತಾನೆ. ಗುರುವ ಕ್ರೈಸ್ತ ಹುಡುಗಿಯೊಬ್ಬಳನ್ನು ಮೆಚ್ಚಿ ಅಲ್ಲೇ ನಿಲ್ಲುತ್ತಾನೆ; ಚನಿಯ ಜ್ವರ ಹೊತ್ತು ಮರಳಿ ಬಂದು ಸಾಯುತ್ತಾನೆ. ಆಮೇಲೆ ಬೆಳ್ಳಿಯ ಸರದಿ. ತೋಟದ ದೃಶ್ಯಗಳು ಅಲ್ಲಿ ಇದ್ದರೂ ಕಾರಂತರ ಕಣ್ಣು ಗುಡಿಸಲನ್ನು ಬಿಟ್ಟು ಹೆಚ್ಚು ಅಲ್ಲಾಡುವುದಿಲ್ಲ. ಘಟ್ಟ ಎಂದರೆ ಮಕ್ಕಳನ್ನು ನುಂಗುವ ದಿಕ್ಕು. ಕುವೆಂಪು ಮೇಲುತುದಿಯಲ್ಲಿ ನಿಂತವರು. 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಸೇರೆಗಾರ ರಂಗಪ್ಪಸೆಟ್ಟರೂ ಅವರೊಡನೆ ಕೆಳಗಿನಿಂದ ಬಂದ ಗಂಗೆಯೂ ಇದ್ದಾರೆ. ಗಂಗೆಯನ್ನು ಊರು ಕೆಟ್ಟ ಹೆಂಗಸೆಂದು ಕಾಣುತ್ತದೆ. ಘಟ್ಟ ಹತ್ತಿದ ಒಂಟಿ ಹೆಣ್ಣಿಗೆ ಮೇಲೆ ಯಾವ ಮನೆಯ ಆಸರೆಯಿತ್ತು ಎಂದು ಕೇಳಿದವರಾರು? ಮೂವತ್ತೊಂದು ವರ್ಷದ ಮೇಲೆ ಬಂದ ಎರಡನೆಯ ಕಾದಂಬರಿಯಲ್ಲಿ ಪೀಂಚಲುವಿಗೆ ಸಿಕ್ಕ ಮಮತೆಯನ್ನು ಗಂಗೆಯ ಪಕ್ಕದಲ್ಲಿಟ್ಟು ನೋಡಿದರೆ ಲೇಖಕರು ಎಷ್ಟು ದೂರ ನಡೆದಿದ್ದಾರೆಂಬುದು ತಿಳಿಯುತ್ತದೆ.

ಒಂದು ಕೊರತೆ ಮಾತ್ರ ನನ್ನನ್ನು ಕಾಡುತ್ತದೆ. ಕಾರಂತರ ಕಥೆ ಘಟ್ಟದ ಬುಡದಲ್ಲಿ ಬೇರೂರಿದೆ. ಕುವೆಂಪು ಅವರದು ಘಟ್ಟ ಹತ್ತಿ ಮುಗಿಸಿದವರ ಕಥೆ. ಅದರ ವರ್ತಮಾನ ಆಗುಂಬೆಯಿಂದ ಕೆಳಗೆ ಇಳಿಯುವುದಿಲ್ಲ. ನಡುವಿನ ಏರು, ಮುಂಗಡ ಪಡೆದವರು ಮಕ್ಕಳನ್ನು ಎತ್ತಿಕೊಂಡು ಹತ್ತಿದ ಆ ಮೂರು ನಾಲ್ಕು ದಿನಗಳು, ಈ ಎರಡು ದೊಡ್ಡ ಕೃತಿಗಳ ನಡುವೆ ಬರೆಯದೆ ಉಳಿದುಬಿಟ್ಟಿವೆ. ರಾತ್ರಿ ಎಲ್ಲಿ ತಂಗಿದರು, ಏನು ಬೇಯಿಸಿದರು, ಇಂಬಳ ಕಚ್ಚಿದ ಕಾಲಿಗೆ ಏನು ಹಚ್ಚಿದರು, ಯಾರನ್ನು ದಾರಿಯಲ್ಲಿ ಮಣ್ಣು ಮಾಡಿದರು?

ತಂಗುವ ಜಾಗಗಳಲ್ಲಿ ಒಂದನ್ನಂತೂ ಕುವೆಂಪು ಮರೆಯಲಾಗದಂತೆ ಬರೆದಿದ್ದಾರೆ. ಮೇಗರವಳ್ಳಿ. ಅದು ಮಲೆನಾಡಿನ ಒಂಟಿ ಮನೆಯ ಊರಲ್ಲ, ಹೆದ್ದಾರಿ ಹುಟ್ಟಿಸಿದ ಊರು. ಅಲ್ಲಿ ಅಂತಕ್ಕ ಸೆಟ್ಟಿತಿಯ ಮನೆ. ಘಟ್ಟದ ಕೆಳಗಿನಿಂದ ಬಂದು ನೆಲೆಸಿದ ಹೆಂಗಸು, ಹೋಗಿಬರುವವರಿಗೆ ಅನ್ನ ನೀರು ಕೊಟ್ಟು ಬದುಕುವವಳು. ಅಲ್ಲಿಯೇ ಮದ್ದು ಮಾಟಗಳ ಕಣ್ಣಾಪಂಡಿತ. ಆ ಹೆಸರು ಕೇಳಿದರೆ ಮಲಯಾಳ ಕಿವಿಗೆ ಪಕ್ಕದ ಮನೆಯವನ ಹೆಸರು ಕೇಳಿದಂತಾಗುತ್ತದೆ. ಊರಿಲ್ಲದವರೇ ಸೇರಿ ಆದ ಊರು ಇದು. ಇಲ್ಲಿ ಯಾರನ್ನೂ ಯಾರೂ ಹುಟ್ಟಿದ ಮನೆಯಿಂದ ಗುರುತಿಸುವುದಿಲ್ಲ. ಹಾದಿಯ ಸ್ವಾತಂತ್ರ್ಯ ಇಲ್ಲಿ ಹಾದಿಯ ಅಪಾಯವಾಗಿ ತಿರುಗುತ್ತದೆ. ಅಂತಕ್ಕನ ಮಗಳು ಕಾವೇರಿಯ ಬಾಳು ದುರಂತವಾಗುವುದು ಈ ದಾರಿಬದಿಯಲ್ಲಿಯೇ. ಗುತ್ತಿಗೂ ಚಿನ್ನಮ್ಮನಿಗೂ ಬಿಡುಗಡೆ ಕೊಟ್ಟ ಹಾದಿ ಕಾವೇರಿಯನ್ನು ಬಲಿ ತೆಗೆದುಕೊಳ್ಳುತ್ತದೆ. ಕಾಡಿನ ಒಳದಾರಿಗೂ ಹಣ ಓಡಾಡುವ ಹೆದ್ದಾರಿಗೂ ಇರುವ ಭೇದವನ್ನು ಕುವೆಂಪು ಇಷ್ಟು ಸ್ಪಷ್ಟವಾಗಿ ಕಂಡಿದ್ದರು.

ಮೇಗರವಳ್ಳಿಯ ಸಾಬರ ಗುಂಪಿನ ಚಿತ್ರಣವನ್ನು ಕುರಿತು ಮಾತ್ರ ನನ್ನದೊಂದು ಆಕ್ಷೇಪವಿದೆ. ಕಾದಂಬರಿಯಲ್ಲಿ ಅವರು ಬಹುತೇಕ ಕೇಡಿಗಳಾಗಿಯೇ ಬರುತ್ತಾರೆ. ಗುತ್ತಿಗೆ, ಐತನಿಗೆ, ಕೊನೆಗೆ ನಾಯಿಗೂ ಸಿಕ್ಕ ಒಳಗಿನ ಬೆಳಕು ಅವರಿಗೆ ಸಿಕ್ಕಿಲ್ಲ. ಕರಾವಳಿಯ ಬ್ಯಾರಿ, ಮಾಪ್ಪಿಳ್ಳೆ ವ್ಯಾಪಾರಿಗಳು ಒಣಮೀನಿನ ಹೊರೆ ಹೊತ್ತು ಘಟ್ಟ ಹತ್ತಿದವರು, ಕಾಡಿನ ಒಂಟಿ ಮನೆಗೆ ಉಪ್ಪು ಸೇರಿಸಿದವರು. ಇವರ ಮನೆಗಳ ಮಗ್ಗುಲಲ್ಲೇ ಬದುಕುವ ನಾವು ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಎಲ್ಲರನ್ನೂ ಸಮನಾಗಿ ಕಾಣುವುದಾಗಿ ಮಾತು ಕೊಟ್ಟ ಕೃತಿಯನ್ನು ಅದೇ ಅಳತೆಯಿಂದ ಅಳೆಯಬೇಕಾಗುತ್ತದೆ.

ಹೆದ್ದಾರಿ ಇನ್ನೂ ದೂರಕ್ಕೂ ಹೋಗುತ್ತದೆ. ಹಳೆಮನೆಯ ದೊಡ್ಡಣ್ಣಹೆಗ್ಗಡೆ ತಿರುಪತಿ ಯಾತ್ರೆಗೆ ಹೋದವನು ತಿರುಗಿ ಬರಲಿಲ್ಲ. ಹೆಂಡತಿ ರಂಗಮ್ಮನಿಗೆ ಹುಚ್ಚು ಹಿಡಿಯುತ್ತದೆ. ಆ ಕಾಲದ ಯಾತ್ರೆ ಎಂಥದೆಂದು ಬಲ್ಲವರಿಗೆ ಇದರಲ್ಲಿ ಉತ್ಪ್ರೇಕ್ಷೆ ಕಾಣದು. ದಾರಿಯಲ್ಲಿ ವಾಂತಿಭೇದಿ ತಗಲಿದರೆ ಜೊತೆಯವರೇ ಬಿಟ್ಟು ಹೋಗುತ್ತಿದ್ದರು. ಸತ್ತ ಸುದ್ದಿ ಬರಲು ಟಪಾಲೂ ಇಲ್ಲ, ಬದುಕಿದ್ದಾನೆಂದು ನಂಬಲು ಆಧಾರವೂ ಇಲ್ಲ. ನಡೆದು ಹೋದವನನ್ನು ಕಾಯುವವಳ ಕಾಲಿಗೆ ಹಾದಿಯೇ ಇಲ್ಲ. ಇಡೀ ಕಾದಂಬರಿಯಲ್ಲಿ ನಡೆಯದೆ ನಿಂತವರ ಸಂಕಟಕ್ಕೆ ರಂಗಮ್ಮನೇ ಮುಖ.

ಅದೇ ಹಾದಿಯಲ್ಲಿ ಒಂದು ದಿನ ಪಾದ್ರಿ ಜೀವರತ್ನಯ್ಯನ ಬೈಸಿಕಲ್ಲು ಬರುತ್ತದೆ. ಊರವರ ಬಾಯಲ್ಲಿ ಅದು 'ಬೀಸೆಕಲ್ಲು'. ನಕ್ಕು ಮುಗಿಸುವ ಪ್ರಸಂಗವಲ್ಲ ಅದು. ಎರಡೂ ಗಾಲಿ ಸಮನಾದ ಸೈಕಲ್ಲು ಇಂಗ್ಲೆಂಡಿನಲ್ಲಿ 1885ರಲ್ಲಿ ಬಂತು, ಗಾಳಿ ತುಂಬಿದ ಟಯರು 1888ರಲ್ಲಿ. ಐದಾರು ವರ್ಷಗಳೊಳಗೆ ಅಂಥದೊಂದು ಆಗುಂಬೆಯ ಸೆರಗಿನಲ್ಲಿ ಉರುಳುವಂತೆ ಕಾದಂಬರಿಕಾರರು ಮಾಡುತ್ತಾರೆ. ಅಲ್ಲಿಯವರೆಗೆ ಒಡೆಯನ ಹಾದಿಯ ಉದ್ದವೂ ಆಳಿನ ಹಾದಿಯ ಉದ್ದವೂ ಒಂದೇ. ಗಾಲಿ ಬಂದ ಮೇಲೆ ಹಾದಿ ಒಬ್ಬನಿಗೆ ಕುಗ್ಗುತ್ತದೆ, ಇನ್ನೊಬ್ಬನಿಗೆ ಇದ್ದಷ್ಟೇ ಇರುತ್ತದೆ. ಹೊಸ ಮತ, ಹೊಸ ಶಾಲೆ, ಹೊಸ ಆಸೆ ಎಲ್ಲವೂ ಆ ಗಾಲಿಯ ಜೊತೆಗೇ ಬರುತ್ತವೆ, ಬೆಟ್ಟಳ್ಳಿ ದೇವಯ್ಯನ ಮನಸ್ಸು ಅತ್ತ ವಾಲುತ್ತದೆ. ಚಿಕಾಗೋ ಸುದ್ದಿಯೂ ಇದರ ಎದುರಿಗೇ ನಿಲ್ಲುತ್ತದೆ. ವಿವೇಕಾನಂದರು ಅಮೆರಿಕಕ್ಕೆ ಹೋಗುವ ಮುನ್ನ ಪರಿವ್ರಾಜಕರಾಗಿ ದೇಶ ಸುತ್ತಿದವರು, 1892ರಲ್ಲಿ ಮೈಸೂರು, ಕೇರಳಗಳನ್ನು ಹಾದು ಕನ್ಯಾಕುಮಾರಿಗೆ ಹೋದವರು ಎಂಬುದನ್ನು ನೆನೆದರೆ, ಬೈಸಿಕಲ್ಲಿನ ಪಾದ್ರಿಗೆ ಎದುರಾಗಿ ಕುವೆಂಪು ಯಾರನ್ನು ನಿಲ್ಲಿಸಿದರೆಂಬುದು ಹೊಳೆಯುತ್ತದೆ.

ಕೊನೆಗೆ ತುಂಗೆ. ಗುತ್ತಿ ತಿಮ್ಮಿಯೊಡನೆ ತೀರ್ಥಹಳ್ಳಿಯಲ್ಲಿ ಹೊಳೆ ದಾಟಬೇಕು. ಮಳೆಗಾಲದ ಹೊಳೆ, ದೋಣಿಯಲ್ಲದೆ ಗತಿಯಿಲ್ಲ. ಇಷ್ಟು ದೂರ ಅವನ ನೆರಳಿನಂತೆ ನಡೆದು ಬಂದ ಹುಲಿಯ ಪ್ರವಾಹದ ಪಾಲಾಗುತ್ತದೆ. ಇದನ್ನು ಸಂಕೇತವೆಂದು ಬಿಡಿಸಿ ಹೇಳಲು ನನಗೆ ಮನಸ್ಸಿಲ್ಲ. ನಡೆಯುವ ಲೋಕದ ಒಂದು ಪ್ರಾಣಿ ಹಾದಿ ಮುಗಿದಲ್ಲಿ ಮುಗಿಯಿತು, ಅಷ್ಟೆ. 2010ರಲ್ಲಿ ಮೈಸೂರಿನ ರಂಗಾಯಣ ಈ ಕಾದಂಬರಿಯನ್ನು, ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ, ರಾತ್ರಿಯಿಡೀ ಸುಮಾರು 9 ಗಂಟೆಯ ನಾಟಕವಾಗಿ ಆಡಿತು. ಬೇರೆ ಬೇರೆ ಕಡೆ ರಂಗಗಳನ್ನು ಕಟ್ಟಿ, ಪ್ರೇಕ್ಷಕರು ಒಂದರಿಂದ ಇನ್ನೊಂದಕ್ಕೆ ಎದ್ದು ಹೋಗುವಂತೆ ಮಾಡಿದ್ದರು. ಕುಳಿತು ನೋಡುವ ಕಥೆ ಇದಲ್ಲವೆಂದು ಆ ನಿರ್ದೇಶಕರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ನಮ್ಮ ಮಾತು. 1956ರ ನವೆಂಬರ್ 1ರಂದು ಆಗುಂಬೆಯ ಗಡಿ ಅಳಿಸಿಹೋಯಿತು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಅದೇ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಘಟ್ಟದ ನೆತ್ತಿಯ ಮೇಲಿದ್ದ ಗೆರೆ ಇಳಿದು ನಮ್ಮ ಅಂಗಳಕ್ಕೆ ಬಂತೆಂದು ಬೇಕಾದರೆ ಹೇಳಬಹುದು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. 'ಮಲೆಗಳಲ್ಲಿ ಮದುಮಗಳು' ಅಚ್ಚಾದದ್ದೂ ಆ ವರ್ಷವೇ. ಎರಡಕ್ಕೂ ಸಂಬಂಧವಿಲ್ಲ. ಆದರೆ ಗಡಿ ಇದ್ದಾಗಲೂ ಅದನ್ನು ದಾಟಿ ನಡೆದ ತುಳುವರನ್ನು, ಕೆಳಗಿನ ಸೆಟ್ಟಿತಿಯನ್ನು, ಪಂಡಿತನನ್ನು ಒಂದೇ ಹಾದಿಯಲ್ಲಿ ಕೂಡಿಸಿದ ಕಾದಂಬರಿಯನ್ನು ಗಡಿಯ ಈಚೆ ಕುಳಿತು ಓದುವಾಗ, ಅವರು ನಮ್ಮ ಮನೆಯಿಂದ ಹೊರಟವರೆಂಬ ಭಾವನೆ ಬರುತ್ತದೆ. ನಮ್ಮ ಮಕ್ಕಳು ಪಠ್ಯದಲ್ಲಿ ಕುವೆಂಪು ಅವರ ಕವಿತೆ ಓದುತ್ತಾರೆ, ಪೀಂಚಲುವಿನ ಹೆಸರು ಅವರಿಗೆ ಗೊತ್ತಿಲ್ಲ.

ಸೇರೆಗಾರರ ಲೆಕ್ಕದ ಪುಸ್ತಕಗಳು ಹಳೆಯ ಮನೆಗಳ ಅಟ್ಟದ ಮೇಲೆ ಇದ್ದರೂ ಇರಬಹುದು, ಗೆದ್ದಲು ತಿಂದಿರಲೂಬಹುದು. ಘಟ್ಟಕ್ಕೆ ಹೋದವರ ಹೆಸರು ಬೇರೆಲ್ಲೂ ಬರೆದಿರಲಾರದು, ಅವರಲ್ಲಿ ಹೆಚ್ಚಿನವರಿಗೆ ಅಕ್ಷರ ಬರುತ್ತಿರಲಿಲ್ಲ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಘಟ್ಟ ಹತ್ತಿದ್ದರೆ ಇಷ್ಟನ್ನು ಕೇಳಿ ಬರೆದಿಡಿ: ಯಾವ ಘಟ್ಟ, ಯಾವ ತಿಂಗಳು, ಎಷ್ಟು ಮುಂಗಡ, ಎಷ್ಟು ದಿನದ ನಡಿಗೆ, ರಾತ್ರಿ ಎಲ್ಲಿ ತಂಗಿದರು, ಜೊತೆಗೆ ಹೋದವರಲ್ಲಿ ಯಾರು ಮರಳಿ ಬರಲಿಲ್ಲ. ಕನ್ನಡದಲ್ಲಿ ಬರೆದರೂ ಸರಿ, ಮಲಯಾಳದಲ್ಲಿ ಬರೆದರೂ ಸರಿ.